ಆಗದ ನಿಕಾಹ್‌ಗೆ ಸಾಕ್ಷಿ ಯಾರು?

ಜುಮಾ ನಮಾಜ್ ಮುಗಿದ ಮೇಲೆ ಮಸೀದಿಯ ಕಚೇರಿ ಕೋಣೆಯಲ್ಲಿ ಫೈಲು ಹಿಡಿದು ಕಾಯುವ ತಂದೆಯರನ್ನು ನಾವು ಈಗ ಆಗಾಗ ಕಾಣುತ್ತೇವೆ. ಮಗಳಿಗೆ ಹೊರದೇಶದಲ್ಲಿ ಕೆಲಸ ಮಾಡುವ ಹುಡುಗನೊಂದಿಗೆ ಸಂಬಂಧ ಕುದುರಿರುತ್ತದೆ. ಪಾಸ್‌ಪೋರ್ಟ್ ಬಂದಿರುತ್ತದೆ. ವೀಸಾ ಅರ್ಜಿ ತುಂಬಲು ಕೂತಾಗ ಒಂದು ಕಡೆ ಕೈ ನಿಲ್ಲುತ್ತದೆ. "ಈ ಹಿಂದೆ ಮದುವೆಯಾಗಿದ್ದಿರಾ? ಇಲ್ಲವೆಂದರೆ ಅದಕ್ಕೆ ಅಧಿಕೃತ ದಾಖಲೆ ಕೊಡಿ" ಎಂದು ಆ ದೇಶದ ಕಚೇರಿ ಕೇಳುತ್ತದೆ. ತಂದೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುತ್ತಾರೆ. ನಮ್ಮಲ್ಲಿ ನೋಂದಣಿಯಾದ ಮದುವೆಯ ವಿವರ ಮಾತ್ರ ಕೊಡಬಹುದು ಎನ್ನುತ್ತಾರೆ ಅಲ್ಲಿ. ತಾಲೂಕು ಕಚೇರಿಯಲ್ಲಿ ಮೊದಲು ಅಫಿಡವಿಟ್ ಮಾಡಿಸಿಕೊಂಡು ಬನ್ನಿ ಎನ್ನುತ್ತಾರೆ. ಕೊನೆಗೆ ಅವರು ಬರುವುದು ಮಸೀದಿಗೆ. "ಹಜರತ್, ಆದ ಮದುವೆಗಾದರೆ ಕಾಗದ ಇರ್ತದೆ. ಆಗದೇ ಇರೋ ಮದುವೆಗೆ ಕಾಗದ ಎಲ್ಲಿಂದ ತರ್ಲಿ?"

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲೂಕುಗಳ ನಮ್ಮ ಕುಟುಂಬಗಳಿಗೆ ಈ ಪ್ರಶ್ನೆ ಹೊಸದು. ಆದರೆ ಅದರ ಹಿಂದೆ ಇನ್ನೂರು ವರ್ಷಗಳ ಇತಿಹಾಸವಿದೆ. ಅದನ್ನು ತಿಳಿದರೆ ಆ ತಂದೆಯ ಕೈಯಲ್ಲಿ ಕಾಗದ ಏಕಿಲ್ಲ ಎಂಬುದೂ ತಿಳಿಯುತ್ತದೆ, ನಾಳಿನ ತಂದೆಯ ಕೈಯಲ್ಲಿ ಅದು ಇರಬೇಕಾದರೆ ನಾವು ಏನು ಮಾಡಬೇಕು ಎಂಬುದೂ ತಿಳಿಯುತ್ತದೆ.

ಊರೇ ದಫ್ತರವಾಗಿದ್ದ ಕಾಲ

ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಯಾರೂ ಅವಿವಾಹಿತ ಪತ್ರ ಕೇಳುತ್ತಿರಲಿಲ್ಲ. ಹೆಣ್ಣು ನೋಡಲು ಬಂದವರು ಬಾವಿಕಟ್ಟೆಯಲ್ಲಿ ವಿಚಾರಿಸುತ್ತಿದ್ದರು, ಸಂತೆಯಲ್ಲಿ ಸಿಕ್ಕ ನೆಂಟರನ್ನು ಕೇಳುತ್ತಿದ್ದರು, ಮಸೀದಿಯ ಹಿರಿಯರ ಬಳಿ ಕೂತು ಮಾತಾಡುತ್ತಿದ್ದರು. ಯಾರ ಮನೆಯಲ್ಲಿ ನಿಕಾಹ್ ಆಗಿದೆ, ಯಾರದು ಮುರಿದಿದೆ, ಯಾರು ಇದ್ದತ್ ಕೂತಿದ್ದಾರೆ ಎಂಬುದು ಇಡೀ ಓಣಿಗೆ ಗೊತ್ತಿರುತ್ತಿತ್ತು. ಬೇರೆ ಊರಿನ ವರನಾದರೆ ಅವನ ಜಮಾತಿನಿಂದ ಚೀಟಿ ತರಿಸುವ ಪದ್ಧತಿ ಇತ್ತು, ಇಂದಿಗೂ ಇದೆ. ಇಂಥವರು ನಮ್ಮ ಜಮಾತಿನವರು, ಇವರ ನಿಕಾಹ್‌ಗೆ ನಮ್ಮ ತಕರಾರಿಲ್ಲ ಎಂಬ ನಾಲ್ಕು ಸಾಲು, ಮುತವಲ್ಲಿಯ ಸಹಿ, ಮೇಲೊಂದು ಮೊಹರು.

ಇದಕ್ಕೆ ದೀನಿನ ಆಧಾರವೂ ಇದೆ. ನಿಕಾಹನ್ನು ಗುಟ್ಟಾಗಿ ಮಾಡದೆ ಸಾರಿ ಹೇಳಬೇಕೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದರು. ಇಬ್ಬರು ಸಾಕ್ಷಿಗಳು, ನಾಲ್ಕು ಜನರ ಮುಂದೆ ಇಜಾಬ್ ಮತ್ತು ಖಬೂಲ್, ಆಮೇಲೆ ವಲೀಮಾ ಇವೆಲ್ಲ ಬರೀ ಸಂಭ್ರಮಕ್ಕಲ್ಲ. ಇಂಥವಳು ಇನ್ನು ಇಂಥವನ ಪತ್ನಿ ಎಂಬುದು ಊರಿನ ತಿಳಿವಳಿಕೆಗೆ ಬರಲೆಂದು. ಆದ ಮದುವೆ ಊರಿಗೆಲ್ಲ ಗೊತ್ತಾಗುತ್ತಿದ್ದುದರಿಂದಲೇ, ಆಗದ್ದನ್ನು ಆಗಿಲ್ಲವೆಂದು ಊರು ಧೈರ್ಯವಾಗಿ ಹೇಳಬಲ್ಲುದಾಗಿತ್ತು.

ಈ ಮಾತನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಇತಿಹಾಸವೆಲ್ಲ ನಿಂತಿರುವುದು ಇದರ ಮೇಲೆಯೇ. ಆದದ್ದೆಲ್ಲ ಬರೆದಿರುವ ಕಡೆ ಮಾತ್ರ, ಬರೆಯದೇ ಇರುವುದು ಸಾಕ್ಷಿಯಾಗುತ್ತದೆ.

ಖಾಜಿಯ ಲೇಖನಿ ಮತ್ತು ಎರಡು ಕಾಯ್ದೆಗಳು

1800ರಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. 1807ರವರೆಗೆ ಥಾಮಸ್ ಮನ್ರೋ ಈ ಪ್ರದೇಶದ ಪ್ರಧಾನ ಕಲೆಕ್ಟರ್ ಆಗಿದ್ದರು. ಹೀಗೆ ನಮ್ಮ ಊರುಗಳು ಮದ್ರಾಸ್ ಪ್ರೆಸಿಡೆನ್ಸಿಯ ಭಾಗವಾದವು. ಆಗ ಖಾಜಿ ಎಂದರೆ ನಿಕಾಹ್ ಓದಿಸುವವರಷ್ಟೇ ಆಗಿರಲಿಲ್ಲ. ಅವರನ್ನು ಸರ್ಕಾರ ನೇಮಿಸುತ್ತಿತ್ತು. ನವಾಬರ ಕಾಲದಿಂದ ಬಂದ ಈ ಹುದ್ದೆಯನ್ನು ಕಂಪನಿಯೂ ಮೊದಮೊದಲು ಮುಂದುವರಿಸಿತು. ನ್ಯಾಯಾಲಯಗಳಲ್ಲಿ ಮುಸ್ಲಿಮ್ ಕಾನೂನನ್ನು ವಿವರಿಸಲು ಸರ್ಕಾರಿ ಸಂಬಳದ ಆಲಿಮರೂ ಇದ್ದರು.

1864ರಲ್ಲಿ ಇದು ಮುರಿಯಿತು. ಆ ವರ್ಷದ 11ನೇ ಕಾಯ್ದೆ ನ್ಯಾಯಾಲಯಗಳ ಮುಸ್ಲಿಮ್ ಮತ್ತು ಹಿಂದೂ ಕಾನೂನು ಅಧಿಕಾರಿಗಳ ಹುದ್ದೆಗಳನ್ನು ರದ್ದು ಮಾಡಿತು. ನಗರ, ಪಟ್ಟಣ, ಪರಗಣಗಳ ಖಾಜಿಗಳನ್ನು ಸರ್ಕಾರ ನೇಮಿಸುವುದು ಸರಿಯಲ್ಲವೆಂದೂ ಸಾರಿತು. ಆದರೆ ಜನರಿಗೆ ಮಾತ್ರ ಖಾಜಿ ಬೇಕಿತ್ತು. ಸರ್ಕಾರ ನೇಮಿಸಿದ ಖಾಜಿ ಎದುರಿದ್ದು ನಿಕಾಹ್ ಮಾಡಿಸುವುದು ಅನೇಕ ಕಡೆ ರೂಢಿಯಾಗಿಬಿಟ್ಟಿತ್ತು. 16 ವರ್ಷಗಳ ನಂತರ ಸರ್ಕಾರವೇ ಅದನ್ನು ಒಪ್ಪಿಕೊಂಡು 1880ರಲ್ಲಿ ಖಾಜಿಗಳ ಕಾಯ್ದೆ ತಂದಿತು. ಆ ಕಾಯ್ದೆ ಮೊದಲು ಜಾರಿಗೆ ಬಂದದ್ದು ಮದ್ರಾಸ್ ಪ್ರಾಂತ್ಯಕ್ಕೆ. ಬೇರೆ ಪ್ರಾಂತ್ಯಗಳು ಬೇಕಿದ್ದರೆ ಆಮೇಲೆ ವಿಸ್ತರಿಸಿಕೊಳ್ಳಬಹುದಿತ್ತು. ಅಂದರೆ ಈ ಕಾನೂನು ಹೊರಗಿನಿಂದ ಎಂದೋ ಬಂದದ್ದಲ್ಲ, ಹಡಗಲಿ ಮತ್ತು ಕೂಡ್ಲಿಗಿಯಂಥ ಊರುಗಳಿಗೆ ಮೊದಲ ದಿನದಿಂದಲೇ ಅನ್ವಯಿಸಿದ್ದು.

ಅದು ಬಹಳ ಪುಟ್ಟ ಕಾಯ್ದೆ. ಒಂದು ಊರಿನಲ್ಲಿ ಸಾಕಷ್ಟು ಮುಸ್ಲಿಮರು ಬಯಸಿದರೆ, ಅಲ್ಲಿನ ಪ್ರಮುಖರನ್ನು ಕೇಳಿ ಸರ್ಕಾರ ಖಾಜಿಯನ್ನು ನೇಮಿಸಬಹುದು. ಖಾಜಿ ತನ್ನ ನಾಯಬರನ್ನು ಇಟ್ಟುಕೊಳ್ಳಬಹುದು. ಆದರೆ ಕೊನೆಯ ಕಲಮು ಕೊಟ್ಟದ್ದನ್ನೆಲ್ಲ ಒಂದು ರೀತಿಯಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಈ ನೇಮಕದಿಂದ ಖಾಜಿಗೆ ನ್ಯಾಯ ತೀರ್ಮಾನದ ಅಥವಾ ಆಡಳಿತದ ಯಾವ ಅಧಿಕಾರವೂ ಬರುವುದಿಲ್ಲ, ನಿಕಾಹ್‌ಗೆ ಅವರು ಇರಲೇಬೇಕೆಂದೂ ಇಲ್ಲ, ಬೇರೆ ಯಾರಾದರೂ ಖಾಜಿಯ ಕೆಲಸ ಮಾಡಿದರೆ ತಡೆಯಿಲ್ಲ ಎನ್ನುತ್ತದೆ ಅದು. ಪ್ರತಿ ನಿಕಾಹನ್ನೂ ಬರೆದಿಡಬೇಕು, ಆ ಪುಸ್ತಕವನ್ನು ಇಂಥ ಕಚೇರಿಗೆ ಒಪ್ಪಿಸಬೇಕು ಎಂಬ ಮಾತೇ ಅದರಲ್ಲಿಲ್ಲ.

ಇದೇ ಹೊತ್ತಿಗೆ ಬಂಗಾಳದಲ್ಲಿ ಬೇರೆ ದಾರಿ ಹಿಡಿದಿದ್ದರು. 1876ರಲ್ಲೇ ಅಲ್ಲಿ ಮುಸ್ಲಿಮ್ ಮದುವೆ ಮತ್ತು ವಿಚ್ಛೇದನಗಳನ್ನು ನೋಂದಾಯಿಸುವ ಕಾನೂನು ಬಂದಿತ್ತು. ಕಡ್ಡಾಯವಲ್ಲದಿದ್ದರೂ ಅಲ್ಲಿ ಸರ್ಕಾರದ್ದೊಂದು ಪುಸ್ತಕ ಇತ್ತು. ನಮ್ಮ ಕಡೆ ಖಾಜಿ ಇದ್ದರು, ಪುಸ್ತಕ ಅವರ ಸ್ವಂತದ್ದಾಗಿತ್ತು. ಖಾಜಿ ಮನೆತನದವರು ಶ್ರದ್ಧೆಯುಳ್ಳವರಾದರೆ ಸಿಯಾಹೆ ಪುಸ್ತಕ ಜೋಪಾನವಾಗಿ ಉಳಿಯುತ್ತಿತ್ತು. ಮನೆ ಪಾಲಾದಾಗ, ಮಾಡು ಸೋರಿದಾಗ, ಗೆದ್ದಲು ಹತ್ತಿದಾಗ ಎಷ್ಟೋ ನಿಕಾಹ್‌ಗಳ ದಾಖಲೆ ಸದ್ದಿಲ್ಲದೆ ಹೋಗುತ್ತಿತ್ತು.

ಊರು ಅಲ್ಲೇ, ವಿಳಾಸ ಬೇರೆ

ಇದರ ಜೊತೆಗೆ ನಮ್ಮ ಸೀಮೆಗೆ ಇನ್ನೊಂದು ತೊಡಕು ಸೇರಿಕೊಂಡಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೇರಿದಂತೆ ಉಳಿದವು ಮೈಸೂರು ರಾಜ್ಯಕ್ಕೆ ಬಂದವು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಹರಪನಹಳ್ಳಿಯನ್ನು ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದರು. 2018ರಲ್ಲಿ ಅದು ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಐದೂ ತಾಲೂಕುಗಳು ಅದರೊಳಗೆ ಸೇರಿದವು. ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿ ತಾಲೂಕಾದದ್ದೂ ಈಚೆಗೇ.

ಒಂದೇ ಮನೆಯ ಮೂರು ತಲೆಮಾರನ್ನು ಊಹಿಸಿ. ಹರಪನಹಳ್ಳಿಯ ಅಜ್ಜಿಯ ನಿಕಾಹ್ ಮದ್ರಾಸ್ ರಾಜ್ಯದಲ್ಲಿ ಆಯಿತು, ತಾಯಿಯದು ಬಳ್ಳಾರಿ ಜಿಲ್ಲೆಯಲ್ಲಿ, ಅಕ್ಕನದು ದಾವಣಗೆರೆ ಜಿಲ್ಲೆಯಲ್ಲಿ, ತಂಗಿಯದು ವಿಜಯನಗರ ಜಿಲ್ಲೆಯಲ್ಲಿ. ಮನೆ ಒಂದಿಂಚೂ ಕದಲಿಲ್ಲ. ಹೊರದೇಶದ ಕಚೇರಿಯಲ್ಲಿ ಕೂತ ಅಧಿಕಾರಿಗೆ ಇದು ಅರ್ಥವಾಗುವುದು ಸುಲಭವಲ್ಲ. ಹುಟ್ಟಿದ ಪ್ರಮಾಣ ಪತ್ರದಲ್ಲಿ ಒಂದು ಜಿಲ್ಲೆ, ಶಾಲೆಯ ವರ್ಗಾವಣೆ ಪತ್ರದಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು ಇದ್ದರೆ ಅವರಿಗೆ ಅನುಮಾನ ಬರುತ್ತದೆ. ಅರ್ಜಿಯ ಜೊತೆಗಿನ ವಿವರಣೆ ಪತ್ರದಲ್ಲಿ ಈ ವರ್ಷಗಳನ್ನು ಒಂದೆರಡು ಸಾಲಿನಲ್ಲಿ ತಿಳಿಸುವುದು ಒಳ್ಳೆಯದು.

ಈ ಪ್ರಶ್ನೆ ಹುಟ್ಟಿದ್ದು ಎಲ್ಲಿ?

ಹೊರದೇಶದವರು ಹೀಗೇಕೆ ಕೇಳುತ್ತಾರೆ? ನಮ್ಮನ್ನು ಅವಮಾನಿಸಲು ಎಂದು ಕೆಲವರು ತಿಳಿಯುತ್ತಾರೆ. ಮೂಲದಲ್ಲಿ ಹಾಗಿಲ್ಲ. ಇಂಗ್ಲೆಂಡಿನಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ವಧೂವರರ ಹೆಸರು ಸಾರಿ, ಅಡ್ಡಿಯಿದ್ದವರು ಹೇಳಬಹುದೆಂದು ಕೇಳುವ ಪದ್ಧತಿ ಇತ್ತು. ನಮ್ಮ ಜಮಾತಿನ ವಿಚಾರಣೆಯಂತೆಯೇ ಅದು. ಗುಟ್ಟಿನ ಮದುವೆಗಳ ಕಾಟ ಹೆಚ್ಚಿದಾಗ 1753ರಲ್ಲಿ ಅಲ್ಲಿನ ಪಾರ್ಲಿಮೆಂಟ್ ಕಾನೂನು ಮಾಡಿ ಚರ್ಚಿನ ಸಾರಿಕೆಯನ್ನೋ ಪರವಾನಗಿಯನ್ನೋ ಕಡ್ಡಾಯ ಮಾಡಿತು, ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿತು. 1837ರಿಂದ ಸರ್ಕಾರವೇ ಜನನ, ಮರಣ, ಮದುವೆಗಳನ್ನು ದಾಖಲಿಸತೊಡಗಿತು.

ಅಂಥ ಪುಸ್ತಕದಲ್ಲಿ ಒಬ್ಬರ ಹೆಸರು ಇಲ್ಲವೆಂದರೆ ಆ ಇಲ್ಲದಿರುವಿಕೆಗೇ ಬೆಲೆ ಬಂತು. ಪುಸ್ತಕ ನೋಡಿ, ಇವರ ಮದುವೆಗೆ ಅಡ್ಡಿ ಇಲ್ಲ ಎಂದು ಅಧಿಕಾರಿ ಬರೆದುಕೊಡಬಲ್ಲವನಾದ. ಯುರೋಪಿನ ಹಲವು ದೇಶಗಳು ಇದೇ ದಾರಿಯಲ್ಲಿ ಬಂದವು. ತಮ್ಮಲ್ಲಿ ಸಿಗುವ ಪತ್ರ ಎಲ್ಲ ದೇಶಗಳಲ್ಲೂ ಸಿಗುತ್ತದೆ ಎಂಬ ಭಾವನೆಯಲ್ಲಿ ಅವರ ಕಚೇರಿಗಳು ನಮ್ಮನ್ನೂ ಅದನ್ನೇ ಕೇಳುತ್ತವೆ.

ಮುಸ್ಲಿಮ್ ದೇಶಗಳೂ ಸುಮ್ಮನೆ ಕೂರಲಿಲ್ಲ. ಈಜಿಪ್ಟ್ 1931ರ ಕಾನೂನಿನಲ್ಲಿ, ಅಧಿಕೃತ ದಾಖಲೆ ಇಲ್ಲದ ಮದುವೆಯನ್ನು ಎದುರಾಳಿ ಅಲ್ಲಗಳೆದರೆ ಅದರ ದಾವೆಯನ್ನು ನ್ಯಾಯಾಲಯ ಕೇಳುವುದಿಲ್ಲವೆಂದು ಗೊತ್ತುಮಾಡಿತು. ಪಾಕಿಸ್ತಾನದಲ್ಲಿ 1961ರಿಂದ ನಿಕಾಹ್ ನೋಂದಣಿ ಕಡ್ಡಾಯ. ಅಲ್ಲಿನ ನಿಕಾಹ್‌ನಾಮೆಯಲ್ಲಿ ವಧು ಅವಿವಾಹಿತೆಯೋ, ವಿಧವೆಯೋ, ವಿಚ್ಛೇದಿತೆಯೋ ಎಂದು ಬರೆಯುವ ಅಂಕಣವೇ ಇದೆ. ದೀನಿಗೆ ವಿರುದ್ಧವೆಂದು ಅಲ್ಲಿನವರು ಪುಸ್ತಕ ಮುಚ್ಚಿಡಲಿಲ್ಲ.

ಕಾಗದ ನಂಬದವರು ದೇಹ ನೋಡಿದರು

ಕಾಗದ ಇಲ್ಲದಿದ್ದರೆ, ಇದ್ದರೂ ನಂಬಿಕೆ ಇಲ್ಲದಿದ್ದರೆ ಏನಾಗಬಹುದು ಎಂಬುದಕ್ಕೆ ಇತಿಹಾಸದಲ್ಲಿ ಒಂದು ಕಹಿ ಘಟನೆ ಇದೆ. ಇದನ್ನು ಹೇಳಲು ನಮಗೆ ಸಂಕೋಚವಾಗುತ್ತದೆ, ಹೇಳದೆ ಬಿಟ್ಟರೆ ವಿಷಯ ಪೂರ್ತಿಯಾಗುವುದಿಲ್ಲ.

1962ರವರೆಗೆ ಕಾಮನ್‌ವೆಲ್ತ್ ದೇಶದವರು ಬ್ರಿಟನ್ನಿಗೆ ಹೆಚ್ಚಿನ ಅಡೆತಡೆ ಇಲ್ಲದೆ ಹೋಗಬಹುದಿತ್ತು. ಆ ವರ್ಷದ ವಲಸೆ ಕಾಯ್ದೆಯಿಂದ ಬಾಗಿಲು ಕಿರಿದಾಯಿತು. 1970ರ ದಶಕದ ಹೊತ್ತಿಗೆ ನಿಯಮ ಹೀಗಿತ್ತು: ಅಲ್ಲಿರುವವನ ಪತ್ನಿಯಾಗಿ ಹೋಗುವ ಹೆಂಗಸು ತನ್ನ ದೇಶದಲ್ಲೇ ಮುಂಚಿತವಾಗಿ ಪ್ರವೇಶ ಪರವಾನಗಿ ಪಡೆಯಬೇಕು, ಅದಕ್ಕೆ ಬಹುಕಾಲ ಸರದಿ ಕಾಯಬೇಕು. ಅಲ್ಲಿಗೆ ಹೋಗಿ ಮೂರು ತಿಂಗಳೊಳಗೆ ಮದುವೆಯಾಗುವ ವಧು ಅದಿಲ್ಲದೆಯೂ ಹೋಗಬಹುದಿತ್ತು. ಹೀಗಾಗಿ, ನಾನಿನ್ನೂ ಮದುವೆಯಾಗಿಲ್ಲ ಎನ್ನುವ ಪ್ರತಿ ಹೆಣ್ಣುಮಗಳ ಮೇಲೂ ಅಧಿಕಾರಿಗಳಿಗೆ ಅನುಮಾನ.

1979ರ ಜನವರಿಯಲ್ಲಿ 35 ವರ್ಷದ ಒಬ್ಬ ಭಾರತೀಯ ಶಿಕ್ಷಕಿ ಮದುವೆಗೆಂದು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಳಿದರು. ಇಷ್ಟು ವಯಸ್ಸಾದವರು ಇನ್ನೂ ಅವಿವಾಹಿತೆ ಎನ್ನುವುದನ್ನು ಅಲ್ಲಿನ ಅಧಿಕಾರಿಗಳು ನಂಬಲಿಲ್ಲ. ಆಕೆಯ ಮಾತು ಸಾಕ್ಷಿಯಾಗಲಿಲ್ಲ. ಆಕೆ ಕನ್ಯೆಯೇ ಎಂದು ವೈದ್ಯನಿಂದ ದೇಹ ಪರೀಕ್ಷೆ ಮಾಡಿಸಿದರು. ಫೆಬ್ರವರಿಯ ಮೊದಲ ದಿನ ದಿ ಗಾರ್ಡಿಯನ್ ಪತ್ರಿಕೆ ಸುದ್ದಿ ಪ್ರಕಟಿಸಿತು. ಭಾರತದಲ್ಲಿ ಸಿಟ್ಟು ಭುಗಿಲೆದ್ದಿತು, ಬ್ರಿಟಿಷ್ ಸರ್ಕಾರ ಆ ಪದ್ಧತಿಯನ್ನು ನಿಲ್ಲಿಸಬೇಕಾಯಿತು. ಅದು ಒಬ್ಬರ ಕಥೆಯಾಗಿರಲಿಲ್ಲ. ಇವಾನ್ ಸ್ಮಿತ್ ಮತ್ತು ಮರಿನೆಲ್ಲಾ ಮಾರ್ಮೊ ಎಂಬ ಇಬ್ಬರು ಸಂಶೋಧಕರು ಹಳೆಯ ಸರ್ಕಾರಿ ಕಡತಗಳನ್ನು ತೆರೆದು ನೋಡಿದಾಗ, 1970ರ ದಶಕದಲ್ಲಿ ಕನಿಷ್ಠ 80 ಹೆಣ್ಣುಮಕ್ಕಳು ಇಂಥ ಪರೀಕ್ಷೆಗೆ ಒಳಗಾಗಿದ್ದರೆಂದು 2011ರಲ್ಲಿ ತಿಳಿದುಬಂತು. ದಿಲ್ಲಿ ಮತ್ತು ಮುಂಬೈಯ ಬ್ರಿಟಿಷ್ ಕಚೇರಿಗಳಲ್ಲೂ ಅದು ನಡೆದಿತ್ತು.

ದೇಹ ನೋಡಿ ಮದುವೆಯಾಗಿದೆಯೋ ಇಲ್ಲವೋ ಎಂದು ಹೇಳಲು ಸಾಧ್ಯವೇ ಇಲ್ಲ. ಅದು ವೈದ್ಯಶಾಸ್ತ್ರವೂ ಅಲ್ಲ, ನ್ಯಾಯವೂ ಅಲ್ಲ. ತಪ್ಪು ಸಂಪೂರ್ಣವಾಗಿ ಹಾಗೆ ಮಾಡಿದವರದೇ. ಆದರೂ ನಮಗೊಂದು ಪಾಠ ಉಳಿಯುತ್ತದೆ. ನಂಬಬಹುದಾದ ಬರಹ ಇಲ್ಲದ ಕಡೆ ಅನುಮಾನದ ಭಾರವೆಲ್ಲ ಬೀಳುವುದು ಹೆಣ್ಣುಮಗಳ ಮೇಲೆ. ದಫ್ತರ ಬರೆಯದ ನಮ್ಮ ಸೋಮಾರಿತನಕ್ಕೆ ಬೆಲೆ ತೆರುವವಳು ಅವಳು.

ಅರ್ಧ ತುಂಬಿದ ಪುಸ್ತಕ

ಇನ್ನು ಸ್ವತಂತ್ರ ಭಾರತಕ್ಕೆ ಬರೋಣ. 1969ರ ಕಾಯ್ದೆ ದೇಶದಾದ್ಯಂತ ಜನನ ಮರಣಗಳ ನೋಂದಣಿಯನ್ನು ಕಡ್ಡಾಯ ಮಾಡಿತು. ಮದುವೆ ಅದರಲ್ಲಿ ಸೇರಲಿಲ್ಲ. ಕರ್ನಾಟಕ 1976ರಲ್ಲೇ ಎಲ್ಲ ಮದುವೆಗಳ ನೋಂದಣಿಗೆ ಒಂದು ಕಾಯ್ದೆ ರೂಪಿಸಿತಾದರೂ ಜನ ಅದನ್ನು ಅರಿಯಲೇ ಇಲ್ಲ. 2006ರ ಫೆಬ್ರವರಿ 14ರಂದು ಸೀಮಾ ಮತ್ತು ಅಶ್ವನಿ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಯಾವ ಧರ್ಮದವರ ಮದುವೆಯಾದರೂ ಕಡ್ಡಾಯವಾಗಿ ನೋಂದಣಿಯಾಗಬೇಕೆಂದು ಎಲ್ಲ ರಾಜ್ಯಗಳಿಗೆ ನಿರ್ದೇಶನ ನೀಡಿತು. ಆ ಮೇಲೆಯೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ನೋಂದಣಿಯ ಮಾತು ನಮ್ಮ ಮನೆಗಳಲ್ಲಿ ಕೇಳತೊಡಗಿತು.

ಆದರೂ ನೋಂದಣಿ ಇಲ್ಲದ ಮಾತ್ರಕ್ಕೆ ಮದುವೆ ಅಸಿಂಧುವಾಗುವುದಿಲ್ಲ. ಎಷ್ಟೋ ನಿಕಾಹ್‌ಗಳು ಇಂದಿಗೂ ಜಮಾತಿನ ಪುಸ್ತಕದಲ್ಲಷ್ಟೇ ಇವೆ. ಹೀಗಿರುವಾಗ ಸರ್ಕಾರಿ ಪುಸ್ತಕದಲ್ಲಿ ಹೆಸರಿಲ್ಲ ಎಂದರೆ ಮದುವೆಯಾಗಿಲ್ಲ ಎಂದರ್ಥವಲ್ಲ. ಪಾಸ್‌ಪೋರ್ಟಿನಲ್ಲಿ ಪತಿ ಅಥವಾ ಪತ್ನಿಯ ಹೆಸರಿನ ಜಾಗ ಖಾಲಿ ಇದ್ದರೂ ಅಷ್ಟೇ. ತಂದೆಗೆ ಆ ಕಚೇರಿಯಲ್ಲಿ ಪತ್ರ ಸಿಗದಿರುವುದು ಅಧಿಕಾರಿಯ ಹಟದಿಂದಲ್ಲ. ಪುಸ್ತಕವೇ ಅರ್ಧ ತುಂಬಿದೆ. ಅರ್ಧ ಪುಸ್ತಕ ನೋಡಿ ಯಾರೂ ಇಲ್ಲ ಎಂದು ಸಹಿ ಹಾಕಲಾರರು.

ಹಾಗಾದರೆ ಮಸೀದಿಯ ಪತ್ರಕ್ಕೆ ಬೆಲೆ ಎಷ್ಟು? 2017ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬದರ್ ಸಯೀದ್ ಅವರ ಅರ್ಜಿಯ ಮೇಲೆ, ಖಾಜಿಗಳು ಕೊಡುವ ತಲಾಕ್ ಪತ್ರ ಒಂದು ಅಭಿಪ್ರಾಯ ಮಾತ್ರ, ಕಾನೂನಿನ ದಾಖಲೆಯಲ್ಲ ಎಂದು ಹೇಳಿತು. ಆಧಾರ ಅದೇ 1880ರ ಕಾಯ್ದೆಯ ಕೊನೆಯ ಕಲಮು. ನಮ್ಮ ರಾಜ್ಯದಲ್ಲಿ 2023ರ ಆಗಸ್ಟ್‌ನಲ್ಲಿ ಸರ್ಕಾರ ವಕ್ಫ್ ಅಧಿಕಾರಿಗಳಿಗೆ ಮುಸ್ಲಿಮರ ವಿವಾಹ ಪ್ರಮಾಣ ಪತ್ರ ಕೊಡುವ ಅಧಿಕಾರ ನೀಡಿತ್ತು. 2024ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಹೀಗೆ ಜಮಾತಿನ ಚೀಟಿ ಒಳ್ಳೆಯ ಸಾಕ್ಷಿ, ಸರ್ಕಾರಿ ಮೊಹರಿಗೆ ಬದಲಿಯಲ್ಲ. ಎರಡೂ ಜೊತೆಯಲ್ಲಿ ಇರಬೇಕು.

ಸದ್ಯಕ್ಕೆ ನಡೆಯುವ ದಾರಿ ಇಷ್ಟು. ಹುಡುಗಿಯದೇ ಅಫಿಡವಿಟ್, ತಂದೆ ತಾಯಿಯರದೊಂದು ಅಫಿಡವಿಟ್, ಛಾಪಾ ಕಾಗದದ ಮೇಲೆ ನೋಟರಿಯ ಮುಂದೆ. ಜಮಾತಿನ ಪತ್ರ. ಕೆಲವು ದೇಶಗಳು ಕೇಳಿದರೆ ಸ್ಥಳೀಯ ಅಧಿಕಾರಿಯ ದೃಢೀಕರಣ. ಆಮೇಲೆ ರಾಜ್ಯ ಸರ್ಕಾರದ ಮತ್ತು ವಿದೇಶಾಂಗ ಸಚಿವಾಲಯದ ಮೊಹರು. 2005ರ ಜುಲೈ 14ರಿಂದ ಭಾರತ ಅಪೊಸ್ಟೀಲ್ ಒಪ್ಪಂದದಲ್ಲಿದೆ. ಸೌದಿ ಅರೇಬಿಯಾದಲ್ಲಿ ಅದು 2022ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಒಪ್ಪಂದಕ್ಕೆ ಸೇರದ ದೇಶವಾದರೆ ಅವರ ರಾಯಭಾರ ಕಚೇರಿಯ ದೃಢೀಕರಣವೂ ಬೇಕು. ಈಗಾಗಲೇ ಹೊರದೇಶದಲ್ಲಿರುವವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯನ್ನು ಕೇಳಬಹುದು. ಯಾವ ದೇಶಕ್ಕೆ ಯಾವ ಕಾಗದ ಎಂಬುದನ್ನು ಆ ದೇಶದ ಕಚೇರಿಯಿಂದಲೇ ಮೊದಲು ತಿಳಿದುಕೊಳ್ಳಬೇಕು, ಏಜೆಂಟರ ಮಾತಿನಿಂದಲ್ಲ.

ಒಂದನ್ನು ಮರೆಯಬಾರದು. ಅಪೊಸ್ಟೀಲ್ ಹೇಳುವುದು ಈ ಸಹಿ, ಈ ಮೊಹರು ಅಸಲಿ ಎಂದಷ್ಟೇ. ಒಳಗೆ ಬರೆದದ್ದು ನಿಜ ಎಂದು ಅದು ಹೇಳುವುದಿಲ್ಲ. ಆ ನಿಜದ ಹೊಣೆ ಸಹಿ ಹಾಕಿದವರ ಮೇಲೆ, ಅಲ್ಲಾಹನ ಮುಂದೆಯೂ ಅವರ ಮೇಲೆಯೇ.

ಓದಿದ ನಿಕಾಹ್ ಓದಿದ್ದೇ

ಇಲ್ಲಿ ನಾವು ಒಂದು ನೋವಿನ ವಿಷಯ ಮಾತಾಡಲೇಬೇಕು. ವೀಸಾ ಬೇಗ ಆಗಲೆಂದು ನಿಕಾಹ್ ಮೊದಲೇ ಓದಿಸಿ, ರುಖ್ಸತಿ ಮುಂದಕ್ಕೆ ಹಾಕುವುದು ಈಗ ಬೆಳೆದಿದೆ. ಕೆಲವು ಸಲ ಆ ನಡುವೆ ಸಂಬಂಧ ಮುರಿಯುತ್ತದೆ. ಹುಡುಗಿ ತವರು ಮನೆಯ ಹೊಸ್ತಿಲು ದಾಟಿರುವುದಿಲ್ಲ. ಅವಳಿಗೆ ಮದುವೆಯೇ ಆಗಿಲ್ಲ ಎಂದು ಮನೆಯವರು ಹೇಳಿಬಿಡುತ್ತಾರೆ. ಮುಂದೆ ಬೇರೆ ಸಂಬಂಧ ಬಂದಾಗ ಅಫಿಡವಿಟ್‌ನಲ್ಲೂ ಹಾಗೆಯೇ ಬರೆಸುತ್ತಾರೆ. ಮಗಳ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ, ನಿಜ. ಆದರೆ ಓದಿದ ನಿಕಾಹ್ ಓದಿದ್ದೇ. ತಲಾಕ್ ಅಥವಾ ಖುಲಾ ಆಗದೆ ಅವಳು ಅದರಿಂದ ಬಿಡುಗಡೆಯಾಗುವುದಿಲ್ಲ.

ಇಂಥವಳನ್ನು ನಮ್ಮ ದೀನ್ ಮರೆತಿಲ್ಲ. ಕೂಡಿ ಬಾಳುವ ಮೊದಲೇ ತಲಾಕ್ ಆದವಳಿಗೆ ಇದ್ದತ್ ಇಲ್ಲವೆಂದು ಸೂರಾ ಅಲ್ ಅಹ್‌ಝಾಬ್ ತಿಳಿಸುತ್ತದೆ. ಮಹರ್ ಗೊತ್ತಾಗಿದ್ದರೆ ಅದರ ಅರ್ಧ ಅವಳ ಹಕ್ಕು ಎಂದು ಸೂರಾ ಅಲ್ ಬಖರಾ ಹೇಳುತ್ತದೆ. ಅಲ್ಲಾಹನು ಅವಳಿಗೆಂದೇ ಇಷ್ಟು ನೇರವಾಗಿ ನಿಯಮ ಕೊಟ್ಟಿರುವಾಗ ನಾವೇಕೆ ಅವಳ ಕಥೆಯನ್ನು ಬಚ್ಚಿಡಬೇಕು? ಪ್ರವಾದಿ(ಸ)ರ ಮೊದಲ ಪತ್ನಿ ಹಜರತ್ ಖದೀಜಾ(ರ) ವಿಧವೆಯಾಗಿದ್ದರು. ಹಜರತ್ ಆಯಿಶಾ(ರ)ರನ್ನು ಬಿಟ್ಟರೆ ಪ್ರವಾದಿ(ಸ)ರ ಪತ್ನಿಯರು ಹಿಂದೆ ಮದುವೆಯಾಗಿದ್ದವರೇ. ಅವಿವಾಹಿತೆ ಎಂಬುದು ಒಂದು ಸ್ಥಿತಿಯ ಹೆಸರು, ಮಾನದ ಅಳತೆಗೋಲಲ್ಲ. ವಿಚ್ಛೇದಿತೆ ಎಂಬುದೂ ಹಾಗೆಯೇ.

ಗಂಡುಮಕ್ಕಳ ತಂದೆಯರಿಗೂ ಈ ಮಾತು ಅನ್ವಯಿಸುತ್ತದೆ. ಹೊರಗೆ ದುಡಿಯುವ ಮಗ ಅಲ್ಲೇ ಒಂದು ನಿಕಾಹ್ ಮಾಡಿಕೊಂಡಿದ್ದರೆ, ಅದನ್ನು ಮುಚ್ಚಿಟ್ಟು ಊರಿನಲ್ಲಿ ಕುಮಾರ ಎಂದು ಚೀಟಿ ಬರೆಸುವುದು ಎರಡು ಮನೆಗಳಿಗೆ ಬಗೆಯುವ ದ್ರೋಹ. ನಿಕಾಹ್ ಓದಿಸಿಯೂ, ಬರೀ ನಿಶ್ಚಿತಾರ್ಥ ಎಂದು ವೀಸಾ ಅರ್ಜಿಯಲ್ಲಿ ಬರೆಯುವುದೂ ಸುಳ್ಳೇ. ಲೋಕದ ಶಿಕ್ಷೆಯೂ ಹಗುರವಲ್ಲ. ಬ್ರಿಟನ್ನಿನಲ್ಲಿ ವೀಸಾ ಅರ್ಜಿಯಲ್ಲಿ ವಂಚನೆ ಕಂಡುಬಂದರೆ 10 ವರ್ಷದವರೆಗೂ ಬಾಗಿಲು ಮುಚ್ಚಬಹುದು. ಅಮೆರಿಕದ ಕಾನೂನಿನಲ್ಲಿ ಆ ನಿಷೇಧ ಜೀವನಪರ್ಯಂತ ಕಾಡಬಹುದು. ನಮ್ಮ ದೇಶದಲ್ಲೂ ಸುಳ್ಳು ಅಫಿಡವಿಟ್ ಅಪರಾಧವೇ.

ನಮ್ಮ ಜಮಾತ್‌ಗಳ ಪಾಲಿನ ಕೆಲಸ

ಸಾಲ ಕೊಟ್ಟು ತೆಗೆದುಕೊಳ್ಳುವಾಗ ಬರೆದಿಡಿ, ಬರೆಯಬಲ್ಲವನು ಹಿಂಜರಿಯಬಾರದು, ಸಣ್ಣದೆಂದು ಬೇಸರಿಸಬಾರದು ಎಂಬ ಆದೇಶ ಸೂರಾ ಅಲ್ ಬಖರಾದಲ್ಲಿದೆ. ಅದರ ಮರು ಆಯತ್ತಿನಲ್ಲೇ ಸಾಕ್ಷ್ಯವನ್ನು ಬಚ್ಚಿಡುವವನ ಹೃದಯ ಪಾಪಿ ಎಂಬ ಎಚ್ಚರಿಕೆ ಇದೆ. ಸೂರಾ ಅನ್ನಿಸಾ ನಿಕಾಹನ್ನು ಗಟ್ಟಿಯಾದ ಕರಾರು ಎಂದು ಕರೆಯುತ್ತದೆ. ನೂರು ರೂಪಾಯಿಯ ಸಾಲಕ್ಕೆ ಬರಹ ಬೇಕಾದರೆ, ಎರಡು ಜೀವಗಳ ಕರಾರಿಗೆ ಬೇಡವೇ? ತಲಾಕ್ ಸಮಯದಲ್ಲೂ ಇಬ್ಬರು ನ್ಯಾಯವಂತ ಸಾಕ್ಷಿಗಳಿರಲಿ ಎಂದು ಸೂರಾ ಅತ್ತಲಾಖ್ ಹೇಳುತ್ತದೆ.

ಆದ್ದರಿಂದ ಐದೂ ತಾಲೂಕುಗಳ ಜಮಾತ್‌ಗಳ ಮುಂದೆ ನಾವು ಕೆಲವು ಮಾತುಗಳನ್ನು ಇಡುತ್ತೇವೆ. ನಿಕಾಹ್ ಪುಸ್ತಕಕ್ಕೆ ಪುಟಸಂಖ್ಯೆ ಇರಲಿ, ಒಂದು ಪ್ರತಿ ಮಸೀದಿಯಲ್ಲಿ, ಇನ್ನೊಂದು ಬೇರೆ ಕಡೆ ಇರಲಿ. ವಧು ಮತ್ತು ವರ ಇಬ್ಬರ ಹಿಂದಿನ ಸ್ಥಿತಿಯನ್ನೂ ಕೇಳಿ ಬರೆಯಲಿ. ವಧುವನ್ನು ಮಾತ್ರ ಕೇಳುವುದು ಅನ್ಯಾಯ. ತಲಾಕ್ ಮತ್ತು ಖುಲಾಗಳಿಗೂ ಪುಟ ಇರಲಿ. ಪರ ಊರಿನ, ಪರ ದೇಶದ ವರನಿಗೆ ಅವನ ಜಮಾತಿನ ಪತ್ರ ಇಲ್ಲದೆ ನಿಕಾಹ್ ಓದಿಸುವುದು ಬೇಡ. ಚೀಟಿ ಕೊಡುವ ಮೊದಲು ಪುಸ್ತಕ ನೋಡಿ, ನೆರೆಹೊರೆಯನ್ನು ವಿಚಾರಿಸಿ ಕೊಡಲಿ. ನಮ್ಮ ಹುಡುಗ ಎಂದು ಕಣ್ಣು ಮುಚ್ಚಿ ಸಹಿ ಹಾಕುವುದು ಬೇಡ. ವಲೀಮಾ ಊಟದ ಪಾತ್ರೆ ತೊಳೆಯುವ ಮೊದಲೇ ಸಬ್ ರಿಜಿಸ್ಟ್ರಾರ್ ಕಚೇರಿಯ ಅರ್ಜಿ ಸಿದ್ಧವಾಗಲಿ. ಖಾಜಿ ಮನೆತನಗಳಲ್ಲಿ ಉಳಿದಿರುವ ಹಳೆಯ ಸಿಯಾಹೆ ಪುಸ್ತಕಗಳನ್ನು ಓದುಬರಹ ಬಲ್ಲ ನಮ್ಮ ಯುವಕ ಯುವತಿಯರು ಕೂತು ಫೋಟೋ ತೆಗೆದಿಡಲಿ. ಅವುಗಳಲ್ಲಿ ನಮ್ಮ ಅಜ್ಜಿಯರ ಹೆಸರುಗಳಿವೆ.

ಇದೆಲ್ಲ ಒಂದು ದಿನದಲ್ಲಿ ಆಗುವುದಲ್ಲ. ಇಂದು ಬರೆಯಲು ಆರಂಭಿಸಿದ ಪುಸ್ತಕ ಒಂದು ತಲೆಮಾರಿನ ನಂತರ ಪೂರ್ಣವೆನಿಸಬಹುದು. ಆಗ ನಮ್ಮ ಮೊಮ್ಮಗಳ ತಂದೆ ಫೈಲು ಹಿಡಿದು ಬಂದರೆ, ಪುಟ ತಿರುವಿ, ಈಕೆಯ ಹೆಸರು ಇಲ್ಲಿಲ್ಲ ಎಂದು ಮುತವಲ್ಲಿ ನೆಮ್ಮದಿಯಿಂದ ಹೇಳಬಲ್ಲರು, ಆ ಮಾತಿಗೆ ತೂಕವಿರುತ್ತದೆ. ಹಿಂದೆ ಮದುವೆಯಾಗಿದ್ದವಳಾದರೆ ಅದು ಮುಗಿದ ದಿನ, ಸಾಕ್ಷಿಗಳ ಹೆಸರು ಅಲ್ಲೇ ಇರುತ್ತದೆ, ಅವಳು ತಲೆ ತಗ್ಗಿಸಬೇಕಿಲ್ಲ.

ನಮ್ಮ ಮಾತಿನಲ್ಲೂ ಬರಹದಲ್ಲೂ ಸತ್ಯ ಉಳಿಯುವಂತೆ ಅಲ್ಲಾಹನು ನಮಗೆಲ್ಲ ತೌಫೀಕ್ ನೀಡಲಿ. ಆಮೀನ್.